ಕಿಟಕಿಯ ಕೈತೋಟ: ದಪ್ಪೆಲೆಯ ಗಿಡಗಳ ಜಡ್ಡು-ಜಾಪತ್ರೆ

ಹಿಂದಿನ ಸಂಚಿಕೆಯಲ್ಲಿ, ಕಿಟಕಿಯ ಗ್ರಿಲ್ಲಿನಲ್ಲಿಯೂ ಗ್ಯಾಲರಿಯ ಮೂಲೆಯಲ್ಲಿಯೂ ಬೆಳೆಸಬಹುದಾದ ದಪ್ಪೆಲೆಯ ಗಿಡಗಳ ವಿಷಯವಾಗಿ ನಾವು ನಾಲ್ಕು ಮಾತು ಬರೆದಿದ್ದೆವಷ್ಟೆ. ಬೆಳೆಸುವುದು ಹೇಗೆಂದು ಕೇಳಿ ಬಂದ ಓಲೆಗಳು ಕಡಿಮೆ. ಬೆಳೆದದ್ದು ಸಾಯುತ್ತಿದೆ, ಏನು ಮಾಡೋಣ ಎಂದು ಕೇಳಿ ಬಂದವೇ ಹೆಚ್ಚು. ಲೋಳೆಸರ, ಜೇಡ್, ಕಾಡುಬಸಳೆ, ಬ್ರಹ್ಮಕಮಲ, ಹಾವಿನ ಮೈಯಂತೆ ಪಟ್ಟೆಯುಳ್ಳ ಸ್ನೇಕ್ ಪ್ಲಾಂಟು, ಅಡೇನಿಯಂ, ಹೀಗೆ ಒಂದೊಂದಕ್ಕೂ ಒಂದೊಂದು ದೂರು. "ಇವು ಮರುಭೂಮಿಯ ಗಿಡಗಳು, ಇವಕ್ಕೆ ಸಾವೇ ಇಲ್ಲ ಎಂದು ನರ್ಸರಿಯವನು ಹೇಳಿದ್ದ" ಎಂದು ಚೆನ್ನೈಯ ಹಿರಿಯರೊಬ್ಬರು ಕೊಂಚ ಸಿಟ್ಟಿನಿಂದಲೇ ಬರೆದಿದ್ದಾರೆ. ಮಾರುವವನ ಮಾತನ್ನು ಅಷ್ಟಕ್ಕಷ್ಟೇ ತೆಗೆದುಕೊಳ್ಳಬೇಕು. ಈ ಸಲದ ಪುಟವನ್ನು ಈ ಗಿಡಗಳ ಕಾಯಿಲೆ-ಕಸಾಲೆಗೇ ಮೀಸಲಿಟ್ಟಿದ್ದೇವೆ.

ಬಂದ ಓಲೆಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಡೊಂಬಿವಿಲಿಯ ಸೋದರಿಯೊಬ್ಬರ ಮನೆಯಲ್ಲಿ ಬ್ರಹ್ಮಕಮಲದ ಗಿಡವೊಂದಿದೆ. ಮದುವೆಯಾಗಿ ಬರುವಾಗ ಧಾರವಾಡದ ತವರಿನ ಹಿತ್ತಿಲಿನಿಂದ ಒಂದೇ ಒಂದು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದು ನೆಟ್ಟದ್ದಂತೆ. ಈಗ ಆ ಮನೆ ಮಾರಿಹೋಗಿದೆ. ಕೊಂಡವರು ಹಿತ್ತಿಲನ್ನು ಕೆಡವಿ ಕಟ್ಟಡವೆಬ್ಬಿಸಿದ್ದಾರೆ. ಗಿಡದ ತುಂಬ ಬಿಳಿಯ ಹತ್ತಿಯಂಥದೇನೋ ಮುತ್ತಿ, ಮೊಗ್ಗುಗಳು ಬೆರಳುದ್ದವಾಗುವ ಮುನ್ನವೇ ಉದುರುತ್ತಿವೆ. ನೆರೆಯವರು, ಇತರ ಕುಂಡಗಳಿಗೂ ಹಬ್ಬೀತು, ಕಿತ್ತೆಸೆಯಿರಿ ಎನ್ನುತ್ತಾರೆ. ಮನೆಯವರು ಹೊಲಕ್ಕೆ ಹೊಡೆಯುವ ಔಷಧದ ಬಾಟಲಿಯೊಂದನ್ನು ತಂದಿಟ್ಟಿದ್ದಾರೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗುವಿದೆ. "ಎಸೆಯಲು ಕೈ ಬಾರದು, ಹೊಡೆಯಲು ಧೈರ್ಯ ಸಾಲದು" ಎಂದು ಆ ತಾಯಿ ಬರೆದಿದ್ದಾರೆ. ಅವರಿಗೆ ನಾವು ಮರುಟಪಾಲಿನಲ್ಲೇ ಉತ್ತರಿಸಿದ್ದೇವೆ: ಎಸೆಯಬೇಡಿ, ಹೊಡೆಯಲೂ ಬೇಡಿ. ಅದರ ವಿವರ ಮುಂದೆ ಬರುತ್ತದೆ.

ಮೊದಲು ರೋಗ ಯಾವುದೆಂದು ತಿಳಿಯಬೇಕು. ನಾಡಿ ಹಿಡಿಯದೆ ಔಷಧ ಬರೆದುಕೊಡುವ ವೈದ್ಯರ ಬಳಿಗೆ ನಾವು ಎರಡನೆಯ ಸಲ ಹೋಗುವುದಿಲ್ಲ. ಗಿಡದ ಮಟ್ಟಿಗೆ ಮಾತ್ರ ಎಲೆ ಹಳದಿಯಾದರೂ ಗೊಬ್ಬರ, ಕಪ್ಪಾದರೂ ಗೊಬ್ಬರ, ಬಾಡಿದರೂ ನೀರು, ಕೊಳೆತರೂ ನೀರು! ಒಂದು ಭೂತಗನ್ನಡಿ, ಒಂದು ಬಿಳಿಯ ಕಾಗದ, ಒಂದು ಉದ್ದನೆಯ ಕಡ್ಡಿ, ಇಷ್ಟು ಸಲಕರಣೆ ಸಾಕು. ಭೂತಗನ್ನಡಿ ಇಲ್ಲದವರು ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿ ನೋಡಬಹುದು. ಎಲೆಯ ಬುಡ ಕಾಂಡವನ್ನು ಸೇರುವ ಸಂದು, ಎಲೆಯ ಅಡಿಭಾಗ, ಕಾಂಡ ಮಣ್ಣಿಗೆ ತಾಗುವ ಜಾಗ, ಕಟ್ಟಕಡೆಗೆ ಬೇರು: ಈ ಕ್ರಮದಲ್ಲಿ ನೋಡಬೇಕು. ಎಲೆಯ ಮೇಲ್ಭಾಗವನ್ನಷ್ಟೇ ನೋಡಿ ತೀರ್ಪು ಕೊಡುವವರು ಮೋಸಹೋಗುತ್ತಾರೆ, ಏಕೆಂದರೆ ಹುಳುಗಳು ನಮಗೆ ಕಾಣುವ ಕಡೆ ಕೂರುವುದು ಬಲು ಅಪರೂಪ.

ಕಡ್ಡಿಯ ಮಾತು ಬಂತು. ದಪ್ಪೆಲೆಯ ಗಿಡದ ಎಲೆ ಸುಕ್ಕುಗಟ್ಟಿತೆಂದರೆ ಬಾಯಾರಿಕೆಯೆಂದು ತಿಳಿದು ನೀರು ಹೊಯ್ಯುವುದೇ ನಮ್ಮ ಮನೆಗಳಲ್ಲಿ ಈ ಗಿಡಗಳಿಗೆ ಬರುವ ಮೊದಲ ಕಂಟಕ. ಎಲೆ ಸುಕ್ಕಾಗಲು ಎರಡು ಕಾರಣಗಳುಂಟು: ಕುಂಡದಲ್ಲಿ ನೀರಿಲ್ಲದಿರುವುದು ಒಂದು; ನೀರಿದ್ದರೂ ಹೀರಲು ಬೇರಿಲ್ಲದಿರುವುದು ಇನ್ನೊಂದು. ಮೇಲಿಂದ ನೋಡಿದರೆ ಎರಡೂ ಒಂದೇ. ಅದಕ್ಕಾಗಿಯೇ ಕಡ್ಡಿ. ತೆಂಗಿನ ಗರಿಯ ಕಡ್ಡಿಯೊಂದನ್ನು (ದಕ್ಷಿಣ ಕನ್ನಡದವರ ಹಿಡಿಸೂಡಿ, ಧಾರವಾಡದವರ ಕಸಬರಿಗೆ, ಮೈಸೂರಿನವರ ಪೊರಕೆ, ಯಾವುದರಿಂದಲಾದರೂ ಒಂದು ಕಡ್ಡಿ ಎಳೆದುಕೊಳ್ಳಿ) ಕುಂಡದ ತಳದವರೆಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿ ಒಣಗಿ ಬಂದರೆ ಗಿಡಕ್ಕೆ ನೀರಡಿಕೆ. ಒದ್ದೆ ಮಣ್ಣು ಅಂಟಿ ಬಂದೂ ಎಲೆ ಸುಕ್ಕಾಗಿದ್ದರೆ ಬೇರು ಕೊಳೆತಿದೆಯೆಂದೇ ಅರ್ಥ. ಆಗ ಹೊಯ್ದ ಒಂದೊಂದು ಲೋಟ ನೀರೂ ಗಿಡವನ್ನು ಸಾವಿನ ಕಡೆಗೆ ತಳ್ಳುತ್ತದೆ. ಎಲೆ ಸುಕ್ಕಾಗದೆ, ಹಳದಿಗೆ ತಿರುಗಿ, ಬೆಂದ ಈರುಳ್ಳಿಯಂತೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚಿಬೀಳುವಂತಿದ್ದರೆ ಅದೂ ನೀರು ಹೆಚ್ಚಾದುದರ ಗುರುತು.

ಈ ಗಿಡಗಳು ನಮ್ಮ ಮಲ್ಲಿಗೆ, ದಾಸವಾಳಗಳಂತಲ್ಲ. ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಕಾಪಾಡಿ, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಒಳಗೆಳೆದು, ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಗಲು ಬೆಳಕಿನಲ್ಲಿ ಆ ಹುಳಿಯನ್ನು ಕರಗಿಸಿ ಆಹಾರ ಮಾಡಿಕೊಳ್ಳುತ್ತವೆ. ಇದರ ಸುಳಿವು ಮೊದಲು ಸಿಕ್ಕಿದವರಲ್ಲಿ ನಮ್ಮ ನಾಡಿಗೆ ನಂಟಿದ್ದವರೊಬ್ಬರಿದ್ದಾರೆ. ಕಂಪನಿ ಸರ್ಕಾರದ ಸಸ್ಯಶಾಸ್ತ್ರಜ್ಞರಾಗಿ, ಟಿಪ್ಪುವಿನ ಪತನದ ತರುವಾಯ ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಬೆಂಜಮಿನ್ ಹೈನ್ ಎಂಬವರು, ಕಾಡುಬಸಳೆಯ ಎಲೆಯನ್ನು ಬೆಳಗ್ಗೆ ಅಗಿದರೆ ಹುಳಿ, ನಡುಹಗಲಿಗೆ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಕಂಡು ಪತ್ರವೊಂದರಲ್ಲಿ ಬರೆದರು. ಅದು ೧೮೧೫ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಾಲಗೆಯನ್ನೇ ಪ್ರಯೋಗಶಾಲೆ ಮಾಡಿಕೊಂಡ ಮಹನೀಯರು! ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೆ: ಈ ಗಿಡಗಳಿಗೆ ರಾತ್ರಿ ತಂಪಾಗಬೇಕು, ಗಾಳಿ ಆಡಬೇಕು. ಮುಂಬಯಿ, ಚೆನ್ನೈಗಳ ಬೇಗೆಯ ರಾತ್ರಿಗಳಲ್ಲಿ, ಮುಚ್ಚಿದ ಕಿಟಕಿಯ ಹಿಂದೆ, ಒದ್ದೆ ಮಣ್ಣಿನಲ್ಲಿ ನಿಂತ ಗಿಡ ಉಸಿರು ಸಾಲದೆ ಸೊರಗುತ್ತದೆ. ಸೊರಗಿದ ಗಿಡವನ್ನು ಬೂಷ್ಟು, ಹುಳು ಎರಡೂ ಹುಡುಕಿಕೊಂಡು ಬರುತ್ತವೆ. ಗುಲಾಬಿಯಂತೆ ಎಲೆ ಸುತ್ತಿಕೊಂಡು ನರ್ಸರಿಯಲ್ಲಿ ಮನಸ್ಸು ಸೆಳೆಯುವ ಎಚೆವೇರಿಯಾ ಜಾತಿಯವು ಕಡಲ ತೀರದ ಊರುಗಳಲ್ಲಿ ಮೊದಲ ಮಳೆಗಾಲವನ್ನು ದಾಟುವುದೇ ಕಷ್ಟ. ಅವನ್ನು ಪುಣೆಯವರಿಗೆ ಬಿಟ್ಟು, ಮುಂಬಯಿಯವರು ಜೇಡ್, ಸ್ನೇಕ್ ಪ್ಲಾಂಟುಗಳಲ್ಲಿ ತೃಪ್ತಿಪಡುವುದು ಮೇಲೆಂದು ನಮ್ಮ ಅಭಿಪ್ರಾಯ.

ಊರಿಗೊಂದು ಕಾಲ, ಕಾಲಕ್ಕೊಂದು ಕಾಯಿಲೆ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಆ ನಾಲ್ಕು ತಿಂಗಳು ಕುಂಡಗಳನ್ನು ಇರಚಲು ಬೀಳದ ಒಳಬದಿಗೆ ಸರಿಸಿಬಿಡಬೇಕು. ಚೆನ್ನೈಗೆ ಹಿಂಗಾರು ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅಲ್ಲಿ ಕೊಳೆಯ ಕಾಲ ಅದೇ. ಪುಣೆ, ಹೈದರಾಬಾದುಗಳ ಒಣ ಬೇಸಗೆಯಲ್ಲಿ ಕೊಳೆಗಿಂತ ನುಸಿಯ ಕಾಟ ಹೆಚ್ಚು. ದೆಹಲಿಯವರಿಗೆ ಎಲ್ಲವೂ ಉಂಟು: ಮೇ-ಜೂನಿನಲ್ಲಿ ಸುಡುವ ಬಿಸಿಗಾಳಿ, ಆಮೇಲೆ ಮಳೆ, ಡಿಸೆಂಬರ್-ಜನವರಿಯಲ್ಲಿ ಮಂಜು ಮುಸುಕಿದ ಚಳಿ. ಆ ಚಳಿಯಲ್ಲಿ ಈ ಗಿಡಗಳಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಗುಟುಕು ನೀರು ಸಾಕು.

ಇನ್ನು ಡೊಂಬಿವಿಲಿಯ ಗಿಡದ ವಿಷಯ. ಆ ಬಿಳಿಯ ಹತ್ತಿ ಬೂಷ್ಟಲ್ಲ, ಹಿಟ್ಟುತಿಗಣೆ. ಕಾಫಿ ತೋಟದ ಕಡೆಯಿಂದ ಬಂದ ನಮ್ಮ ಕೊಡಗು, ಚಿಕ್ಕಮಗಳೂರಿನ ಓದುಗರಿಗೆ ಇದು ಹಳೆಯ ವೈರಿ. ಎಳ್ಳಿನಷ್ಟು ಗಾತ್ರದ, ಮೈಗೆಲ್ಲ ಮೇಣದ ಹಿಟ್ಟು ಬಳಿದುಕೊಂಡ ಮೆದು ಕೀಟವಿದು. ಎಲೆಯ ಸಂದಿಯಲ್ಲಿ ಕೂತು ಸೂಜಿಯಂಥ ಬಾಯಿಯನ್ನು ಚುಚ್ಚಿ ರಸ ಹೀರುತ್ತದೆ. ಹೀರಿದ ಸಕ್ಕರೆಯಲ್ಲಿ ಹೆಚ್ಚಾದದ್ದನ್ನು ಜೇನಿನಂಥ ಅಂಟಾಗಿ ಹೊರಹಾಕುತ್ತದೆ. ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ, ಅದನ್ನು ನೆಕ್ಕಲು ಇರುವೆಗಳು ಸಾಲುಗಟ್ಟುತ್ತವೆ. ಎಲೆ ಅಂಟಂಟು, ಕುಂಡದಲ್ಲಿ ಇರುವೆ, ಸಂದಿಯಲ್ಲಿ ಹತ್ತಿ: ಈ ಮೂರೂ ಕೂಡಿದರೆ ಬೇರೆ ಪರೀಕ್ಷೆ ಬೇಡ. ಬೆಳ್ಳಗಿರುವುದು ಬೂಷ್ಟೋ ಹುಳುವೋ ಎಂಬ ಸಂಶಯವಿದ್ದರೆ ಕಡ್ಡಿಯಿಂದ ಎಬ್ಬಿಸಿ ಕಾಗದದ ಮೇಲೆ ಹಾಕಿ ನೋಡಿ, ಕಾಲಿದ್ದರೆ ತಿಗಣೆ. ಆ ಹತ್ತಿಯ ಗೂಡಿನೊಳಗೆ ಒಂದೊಂದು ಹೆಣ್ಣೂ ನೂರಾರು ಮೊಟ್ಟೆ ಇಡುತ್ತದೆ. ಅವು ಮರಿಯಾಗಿ, ಹರಿದಾಡಿ, ತಾವೇ ಮೊಟ್ಟೆಯಿಡುವಷ್ಟಾಗಲು ನಮ್ಮ ಬೇಸಗೆಯಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಸಾಕು.

ಚಿಕಿತ್ಸೆ ಬೇಸರದ್ದು, ಆದರೆ ಕಷ್ಟದ್ದಲ್ಲ. ಮೊದಲು ಗಿಡವನ್ನು ಇತರ ಕುಂಡಗಳಿಂದ ದೂರ, ಬೇರೆ ಕಿಟಕಿಗೆ ಒಯ್ಯಿರಿ. ಹೆಚ್ಚು ಮುತ್ತಿದ ಎಲೆಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಔಷಧದ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟನ್ನು, ನೂರಕ್ಕೆ ಎಪ್ಪತ್ತು ಪಾಲು ಆಲ್ಕೋಹಾಲ್ ಇರುವಂಥದನ್ನು, ಕಿವಿಗೆ ಬಳಸುವ ಹತ್ತಿಯ ಕಡ್ಡಿಯಲ್ಲಿ ಅದ್ದಿ ಒಂದೊಂದೇ ತಿಗಣೆಗೆ, ಒಂದೊಂದೇ ಗೂಡಿಗೆ ಮುಟ್ಟಿಸಿ. ಮೇಣ ಕರಗಿ ಹುಳು ಕಂದುಬಣ್ಣಕ್ಕೆ ತಿರುಗಿ ಸಾಯುತ್ತದೆ. ಸಂಜೆಯ ಹೊತ್ತು, ಬಿಸಿಲಿಲ್ಲದಾಗ ಮಾಡಬೇಕು. ಸ್ಪಿರಿಟ್ಟು ಬೆಂಕಿಗೆ ಬೇಗ ಹತ್ತುವ ವಸ್ತು; ಗ್ಯಾಸಿನ ಒಲೆ, ದೇವರ ದೀಪ, ಊದುಬತ್ತಿಗಳ ಹತ್ತಿರ ತರಕೂಡದು. ಕೈ ತೊಳೆಯಲು ಇಟ್ಟುಕೊಂಡ ಅಂಟು ದ್ರವ ಇದಕ್ಕೆ ಒದಗದು. ಅದರಲ್ಲಿನ ಗ್ಲಿಸರಿನ್ ಎಲೆಯ ಮೇಲೆ ಉಳಿದುಬಿಡುತ್ತದೆ. ಮೈಮೇಲೆ ಸಹಜವಾಗಿಯೇ ಬೂದಿ ಬಳಿದಂತಿರುವ ಎಲೆಗಳಿಗೆ ತೀರ ಬೇಕಾದ ಕಡೆ ಮಾತ್ರ ಮುಟ್ಟಿಸಿ. ಆ ಬೂದಿ ಗಿಡದ ರಕ್ಷಾಕವಚ, ಒರಸಿದರೆ ಆ ಎಲೆಯಲ್ಲಿ ಮತ್ತೆ ಬಾರದು.

ಎಲ್ಲರೂ ಎಡವುವುದು ಇದರ ಮುಂದಿನ ಹಂತದಲ್ಲಿ. ಒಂದು ಸಲ ಒರಸಿದರೆ ಗಿಡ ಮಡಿಯಾದಂತೆ ಕಾಣುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಗೂಡಿನಿಂದ ತಪ್ಪಿಸಿಕೊಂಡ ಮೊಟ್ಟೆಗಳು ವಾರದೊಪ್ಪತ್ತಿನಲ್ಲಿ ಒಡೆಯುತ್ತವೆ. ಆದುದರಿಂದ ಏಳು ದಿನಕ್ಕೊಮ್ಮೆ, ಕಾಣಲಿ ಬಿಡಲಿ, ಐದಾರು ವಾರ ಬಿಡದೆ ಮಾಡಬೇಕು. ಶನಿವಾರವೋ ಭಾನುವಾರವೋ ಒಂದು ವಾರ ಗೊತ್ತುಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬ್ರಹ್ಮಕಮಲದಲ್ಲಿ ಎಲೆಯಂಚಿನ ಕಚ್ಚುಗಳೊಳಗೆ, ಹೊಸ ಮೊಗ್ಗು ಮೂಡುವ ಜಾಗದಲ್ಲಿಯೇ ತಿಗಣೆ ಅಡಗಿರುತ್ತದೆ. ಅದಕ್ಕೇ ಆ ಸೋದರಿಯ ಮೊಗ್ಗುಗಳು ನಿಲ್ಲಲಿಲ್ಲ.

ಗಿಡ ಉಳಿಯದೆ ಹೋದರೆ ಎಂಬ ಅವರ ಭಯಕ್ಕೂ ಉಪಾಯವಿದೆ. ಬ್ರಹ್ಮಕಮಲದ ಎಲೆಯೆಂದು ನಾವು ಕರೆಯುವುದು ನಿಜವಾಗಿ ಚಪ್ಪಟೆಯಾದ ಕಾಂಡ. ತುಂಡು ನೆಟ್ಟರೆ ಬೇರು ಬರುವುದು ಅದರಿಂದಲೇ. ಹುಳುವಿಲ್ಲದ ಮೂರು-ನಾಲ್ಕು ಒಳ್ಳೆಯ ತುಂಡುಗಳನ್ನು ಗೇಣುದ್ದ ಕತ್ತರಿಸಿ, ಸಾಬೂನಿನ ನೀರಿನಲ್ಲಿ ಮೆಲ್ಲಗೆ ತೊಳೆದು, ಕಚ್ಚುಗಳಿಗೆಲ್ಲ ಸ್ಪಿರಿಟ್ಟು ಮುಟ್ಟಿಸಿ, ನೆರಳಿನಲ್ಲಿ ವಾರವಿಡೀ ಗಾಯ ಒಣಗಲು ಬಿಟ್ಟು, ಹೊಸ ಕುಂಡದ ಹೊಸ ಮಣ್ಣಿನಲ್ಲಿ ನೆಡಿ. ಮೂರು-ನಾಲ್ಕು ವಾರಕ್ಕೆ ಬೇರು ಹಿಡಿಯುತ್ತದೆ. ಹೂ ಕಾಣಲು ಎರಡು-ಮೂರು ವರ್ಷ ಕಾಯಬೇಕಾದೀತು. ಅವುಗಳಲ್ಲಿ ಒಂದು ಕುಂಡವನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳದೆ ಬೇರೆ ಬಂಧುಗಳ ಮನೆಗೆ ಕೊಟ್ಟುಬಿಡಿ ಎಂದೂ ಬರೆದಿದ್ದೇವೆ. ತವರಿನ ಗಿಡ ಎರಡು ಮನೆಗಳಲ್ಲಿದ್ದರೆ, ಒಂದು ಕಡೆ ಕೆಟ್ಟರೂ ಇನ್ನೊಂದು ಕಡೆಯಿಂದ ತರಬಹುದು. ಅವರ ಅಕ್ಕ ಠಾಣೆಯಲ್ಲಿದ್ದಾರಂತೆ. ಆ ಹಿತ್ತಿಲು ಅವರಿಗೂ ತವರೇ ಅಲ್ಲವೇ?

(ದೆಹಲಿಯ ಓದುಗರಿಗೆ ಒಂದು ಕಿವಿಮಾತು: ನಿಮ್ಮ ಉತ್ತರಾಖಂಡದ ನೆರೆಯವರು "ಇದು ಬ್ರಹ್ಮಕಮಲವೇ ಅಲ್ಲ" ಎಂದರೆ ಜಗಳಕ್ಕೆ ಹೋಗಬೇಡಿ. ಅವರ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬೇರೆಯೇ ಗಿಡ. ನಮ್ಮದು ಮೆಕ್ಸಿಕೋ ಕಡೆಯಿಂದ ಬಂದ, ಮರದ ಮೇಲೆ ಬೆಳೆಯುವ ಕಳ್ಳಿಯ ಜಾತಿ. ಅದಕ್ಕೇ ಇದಕ್ಕೆ ಇತರ ಕಳ್ಳಿಗಳಿಗಿಂತ ಕೊಂಚ ಹೆಚ್ಚು ನೆರಳು, ಕೊಂಚ ಹೆಚ್ಚು ನೀರು.)

ಹಿಟ್ಟುತಿಗಣೆಯ ಒಂದು ಬಗೆ ಮಣ್ಣಿನೊಳಗೆ ಬೇರಿಗೇ ಅಂಟಿರುತ್ತದೆ. ಗಿಡ ಕಾರಣವಿಲ್ಲದೆ ಬೆಳವಣಿಗೆ ನಿಲ್ಲಿಸಿ ಮಂಕಾದರೆ ಕುಂಡದಿಂದ ಎತ್ತಿ ನೋಡಿ. ಬೇರಿನಲ್ಲಿಯೂ ಕುಂಡದ ಒಳಗೋಡೆಯಲ್ಲಿಯೂ ಅಕ್ಕಿಹಿಟ್ಟು ಚೆಲ್ಲಿದಂತಿದ್ದರೆ ಅದೇ. ಹಳೆಯ ಮಣ್ಣನ್ನೆಲ್ಲ ಚೆಲ್ಲಿ, ಬೇರು ತೊಳೆದು, ಕೆಟ್ಟದ್ದನ್ನು ಕತ್ತರಿಸಿ, ನಾಲ್ಕೈದು ದಿನ ಒಣಗಿಸಿ, ತಿಕ್ಕಿ ತೊಳೆದ ಕುಂಡದಲ್ಲಿ ಹೊಸ ಮಣ್ಣಿಗೆ ನೆಡಬೇಕು.

ಈ ತಿಗಣೆಯ ದಾಯಾದಿಯೊಂದು ನಮ್ಮ ನಾಡಿನ ಚಿತ್ರವನ್ನೇ ಬದಲಿಸಿದ ಕಥೆಯುಂಟು. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವೆಂದು ಭಾವಿಸಿ ೧೭೯೫ರಲ್ಲಿ ಬ್ರಜಿಲಿನಿಂದ ಕಲ್ಕತ್ತೆಗೆ ತಂದದ್ದು ಅಸಲಿಯಲ್ಲ, ಅದರ ಕೀಳು ಜಾತಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಆದರೆ ಒಂದು ಬಗೆಯ ಪಾಪಾಸುಕಳ್ಳಿಯನ್ನು ಅದು ತಿಂದುಹಾಕಿತು. ಮುಂದೆ ೧೯೨೬ರಲ್ಲಿ, ದಕ್ಷಿಣದ ಹೊಲ-ಗೋಮಾಳಗಳನ್ನು ಆವರಿಸಿದ್ದ ಇನ್ನೊಂದು ಪಾಪಾಸುಕಳ್ಳಿಯನ್ನು ಅಡಗಿಸಲು ಬೇಕೆಂದೇ ಬೇರೊಂದು ಜಾತಿಯನ್ನು ತರಿಸಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿ ಬಹುಮಟ್ಟಿಗೆ ಅಡಗಿತು. ಕುಂಡದ ಪಾಪಾಸುಕಳ್ಳಿಯ ಮೇಲೆ ಹತ್ತಿಯಂಥದು ಕಂಡು, ಹಿಸುಕಿದರೆ ಕುಂಕುಮದ ನೀರಿನಂತೆ ಕೆಂಪು ಬಂದರೆ ಅದು ಆ ಹುಳುವೇ. ಗಾಬರಿ ಬೇಡ, ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ಟು, ಚಿಕಿತ್ಸೆ ಅದೇ.

ಹುಳುವನ್ನು ತಿನ್ನುವ ಹುಳುವೂ ಉಂಟು. ಆಸ್ಟ್ರೇಲಿಯದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ೧೮೯೮ರಲ್ಲಿ ಕಾಫಿಯ ಕೀಟಗಳಿಗಾಗಿ ಭಾರತಕ್ಕೆ ತರಿಸಿದ್ದರು. ಈಗ ಅದು ಹಿಟ್ಟುತಿಗಣೆಯ ಯಮ. ಬೆಂಗಳೂರಿನ ಬಳಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯಲ್ಲಿ ಇದನ್ನು ಸಾಕಿ ಬೆಳೆಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ಮನೆಯೊಳಗೆ ಇದು ನಿಲ್ಲದು, ಆದರೆ ತೆರೆದ ಗ್ಯಾಲರಿಗೆ ತಾನಾಗಿ ಬರುವುದುಂಟು. ವಿಚಿತ್ರವೆಂದರೆ ಇದರ ಮರಿಯೂ ಮೈಗೆ ಬಿಳಿಯ ಮೇಣದ ಎಳೆ ಹೊದ್ದು ತಿಗಣೆಯಂತೆಯೇ ಕಾಣುತ್ತದೆ! ತಿಗಣೆಗಿಂತ ಎರಡು-ಮೂರು ಪಟ್ಟು ದೊಡ್ಡದಾಗಿ, ಚುರುಕಾಗಿ ಓಡಾಡುತ್ತಿದ್ದರೆ ಅದನ್ನು ಬಿಟ್ಟುಬಿಡಿ. ನಿಮ್ಮ ಕೆಲಸವನ್ನು ಅದು ಮಾಡುತ್ತಿದೆ.

ಇರುವೆಗಳನ್ನು ತಡೆಯದೆ ತಿಗಣೆ ಹೋಗದು. ಅವು ತಿಗಣೆಯನ್ನು ಹಸು ಸಾಕಿದಂತೆ ಸಾಕಿ, ವೈರಿಗಳನ್ನು ಓಡಿಸುತ್ತವೆ. ಕುಂಡದ ಕೆಳಗೆ ನೀರಿನ ತಟ್ಟೆ ಇಡುವ ಹಳೆಯ ರೂಢಿಯನ್ನು ಮಾತ್ರ ನಾವು ಒಪ್ಪುವುದಿಲ್ಲ. ಡೆಂಗೂ ತರುವ ಸೊಳ್ಳೆಗೆ ಆ ತಟ್ಟೆಯೇ ತೊಟ್ಟಿಲು. ವಾರ-ಹತ್ತು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಿ ಏಳುತ್ತದೆ. ಕುಂಡವನ್ನು ಸ್ಟ್ಯಾಂಡಿನ ಮೇಲಿಟ್ಟು, ಸ್ಟ್ಯಾಂಡಿನ ಕಾಲಿಗೆ ಸುತ್ತಲೂ ವ್ಯಾಸಲೀನ್ ದಪ್ಪಗೆ ಬಳಿಯಿರಿ. ತಟ್ಟೆ ಇಡಲೇಬೇಕಾದವರು ಮೂರು-ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ತಟ್ಟೆಯನ್ನು ತಿಕ್ಕಿ ಒಣಗಿಸಿ. ಇರುವೆಗೆ ಎಳೆಯುವ ಸೀಮೆಸುಣ್ಣದ ಗೆರೆಯೂ ವಿಷವೇ. ಬಳಪವೆಂದು ಮಕ್ಕಳು ಕೈಗೆತ್ತಿಕೊಳ್ಳುವ ಮನೆಗಳಲ್ಲಿ ಅದು ಬೇಡ.

ವಿಷದ ಮಾತನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ಅಡಿಯ ಕೋಣೆಯಲ್ಲಿ ಊಟ, ನಿದ್ದೆ, ಮಗುವಿನ ಆಟ ಎಲ್ಲವೂ ನಡೆಯುವ ಮನೆಗೆ ಹೊಲದ ಔಷಧ ಹೊಂದದು. ನಮ್ಮ ದೇಶದಲ್ಲಿ ಕೀಟನಾಶಕದ ಪ್ರತಿ ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತೊಂದಿರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಿ. ಕೆಂಪಾದರೆ ಅತ್ಯಂತ ವಿಷ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಕೆಂಪು, ಹಳದಿಗಳು ಹೊಸ್ತಿಲು ದಾಟಕೂಡದು. ಯಾವ ಔಷಧವನ್ನೂ ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಸುರಿದಿಡಬೇಡಿ. ಡಿ.ಡಿ.ಟಿ. ಪುಡಿಯನ್ನು ನಮ್ಮ ಹಿರಿಯರು ಸುಣ್ಣದಂತೆ ಎರಚುತ್ತಿದ್ದರು. ಬೇಸಾಯದಲ್ಲಿ ಅದರ ಬಳಕೆಯನ್ನು ೧೯೮೯ರಲ್ಲಿ ನಿಷೇಧಿಸಲಾಯಿತು. ಬೇರಿನಿಂದ ಹೀರಿಕೊಂಡು ಗಿಡದ ಮೈಗೆಲ್ಲ ಹರಡುವ ಇಮಿಡಾಕ್ಲೋಪ್ರಿಡ್‌ನಂಥ ಔಷಧಗಳು ಈಗ ನರ್ಸರಿಗಳಲ್ಲೇ ಸಿಗುತ್ತವೆ. ಲೋಳೆಸರವನ್ನು ತಲೆಗೆ, ಸುಟ್ಟ ಗಾಯಕ್ಕೆ ಬಳಸುವ, ದೊಡ್ಡಪತ್ರೆಯನ್ನು ಮಕ್ಕಳ ಕೆಮ್ಮಿಗೆ ಕೊಡುವ ಮನೆಗಳಲ್ಲಿ ಅವುಗಳನ್ನು ಆ ಕುಂಡಗಳಿಗೆ ಹಾಕಲೇಕೂಡದು. ಡೊಂಬಿವಿಲಿಯವರ ಬಾಟಲಿಯ ಚಿತ್ರ ನೋಡಿದೆವು, ತ್ರಿಕೋನ ಹಳದಿಯಾಗಿತ್ತು. ತಂದ ಅಂಗಡಿಗೇ ಹಿಂತಿರುಗಿಸಿದ್ದಾರೆ.

ಸ್ಪಿರಿಟ್ಟು ಮುಟ್ಟಿಸಿ ಮುಗಿಯದಷ್ಟು ಗಿಡಗಳಿದ್ದರೆ ಬೇವಿನ ಎಣ್ಣೆ ಒಳ್ಳೆಯದು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಎಣ್ಣೆ, ಅದು ನೀರಿನಲ್ಲಿ ಬೆರೆಯಲೆಂದು ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ. ಚೆನ್ನಾಗಿ ಕುಲುಕಿ, ಸಂಜೆ ಸಿಂಪಡಿಸಿ, ಅಂದೇ ಮಾಡಿ ಅಂದೇ ಮುಗಿಸಬೇಕು. ಬಟ್ಟೆಯ ಸೋಡಾ ಪುಡಿ ಬೇಡವೇ ಬೇಡ. ಜೇಡ್ ಗಿಡವೂ, ಕೆಂಪು ಹೂವಿನ ಮುಳ್ಳಿನ ಯೂಫೋರ್ಬಿಯಾವೂ ಸಾಬೂನನ್ನು ಸಹಿಸುವುದು ಕಷ್ಟ. ಒಂದು ಎಲೆಗೆ ಹಚ್ಚಿ ಮೂರು ದಿನ ನೋಡಿ ಮುಂದುವರಿಯಿರಿ.

ಉಳಿದ ಕೀಟಗಳ ವಿಷಯ ಬೇಗ ಮುಗಿಸೋಣ. ಕಾಂಡದ ಮೇಲೆ ಕಂದುಬಣ್ಣದ, ಮಸೂರದ ಬೇಳೆಯಂಥ ಉಬ್ಬುಗಳಿದ್ದು ಉಗುರಿನಿಂದ ಕೆರೆದರೆ ಕಳಚುವುದಾದರೆ ಅವು ಹುರುಪೆ ಕೀಟ. ಕೆರೆದು ತೆಗೆದು ಸ್ಪಿರಿಟ್ಟು ಒರಸಿ. ಕಳಚದಿದ್ದರೆ ಅದು ಗಿಡದ ತೊಗಟೆ, ಕೆರೆದು ಗಾಯಮಾಡಬೇಡಿ. ಬೇಸಗೆಯಲ್ಲಿ ಎಲೆ ತಾಮ್ರದ ಕಿಲುಬು ಹಿಡಿದಂತೆ ಮಾಸಲಾಗಿ, ಬಿಳಿಯ ಕಾಗದದ ಮೇಲೆ ಕೊಡವಿದಾಗ ಬಿದ್ದ ಚುಕ್ಕೆಗಳು ನಡೆಯತೊಡಗಿದರೆ ಜೇಡನುಸಿ. ಬೆಳಗಿನ ಹೊತ್ತು ನೀರಿನಿಂದ ರಭಸವಾಗಿ ತೊಳೆಯುವುದೇ ಅರ್ಧ ಔಷಧ. ಅಡೇನಿಯಂ ಎಲೆ ಒಂದೇ ರಾತ್ರಿಯಲ್ಲಿ ಮಾಯವಾದರೆ ಬೆರಳುಗಾತ್ರದ ಹಸಿರು ಕಂಬಳಿಹುಳುವೊಂದು, ಕುತ್ತಿಗೆಯ ಬಳಿ ನೀಲಿ ಕಣ್ಣಿನಂಥ ಮಚ್ಚೆಯುಳ್ಳದ್ದು, ಅಲ್ಲೇ ಅಡಗಿರುತ್ತದೆ, ಆರಿಸಿ ತೆಗೆಯಿರಿ. ಅಡೇನಿಯಂ ರಸವೂ ಕಳ್ಳಿಯ ಹಾಲೂ ವಿಷ. ಕತ್ತರಿಸಿದ ಕೈಯಿಂದ ಕಣ್ಣು ಮುಟ್ಟಿಕೊಳ್ಳದೆ ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ಲೋಳೆಸರದ ಎಲೆಯಲ್ಲಿ ತುಕ್ಕಿನಂಥ ಗುಳ್ಳೆಗಳೆದ್ದರೆ ಆ ಎಲೆ ತೆಗೆದುಹಾಕಿ, ಉಳಿದ ಎಲೆಗಳ ಮೇಲೆ ನೀರು ಬೀಳದಂತೆ ನೋಡಿಕೊಂಡರಾಯಿತು.

ಕೊಳೆಗೆ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೊಂದೇ. ಕಾಂಡದ ಬುಡ ಕಪ್ಪಾಗಿ ಮೆತ್ತಗಾಗಿದ್ದರೆ, ಅದರಲ್ಲೂ ದುರ್ವಾಸನೆ ಬಂದರೆ, ತಡಮಾಡಬೇಡಿ. ಸ್ಪಿರಿಟ್ಟಿನಲ್ಲಿ ಒರಸಿದ ಹರಿತವಾದ ಚಾಕುವಿನಿಂದ ಕೊಳೆತ ಭಾಗಕ್ಕಿಂತ ಮೇಲೆ ಅಡ್ಡ ಕತ್ತರಿಸಿ. ಕತ್ತರಿಸಿದ ಮುಖದ ನಡುವೆ ಕಂದು ಚುಕ್ಕೆಯೋ ಉಂಗುರವೋ ಇನ್ನೂ ಕಂಡರೆ ಚಾಕು ಒರಸಿ ಮತ್ತೆ ಮೇಲಕ್ಕೆ ಕತ್ತರಿಸಿ. ಸೌತೆಕಾಯಿಯ ತಿರುಳಿನಂತೆ ಒಂದೇ ಬಣ್ಣ ಬರುವವರೆಗೆ ನಿಲ್ಲಕೂಡದು. ಕೈಯಲ್ಲಿ ಉಳಿಯುವುದು ಎರಡಿಂಚಾದರೂ ಸರಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಬಹುದು. ಅರಿಸಿನ ಹಚ್ಚಲೇ ಎಂದು ಹಲವರು ಕೇಳುತ್ತಾರೆ. ಹಚ್ಚಿದರೆ ತೊಂದರೆಯಿಲ್ಲ, ಆದರೆ ಗಿಡವನ್ನು ಉಳಿಸುವುದು ಅರಿಸಿನವಲ್ಲ, ಗಾಯ ಒಣಗುವುದು. ವಾರ-ಹತ್ತು ದಿನ ನೆರಳಿನಲ್ಲಿ ಗಾಳಿಗೆ ಇಟ್ಟು, ಗಾಯ ಬಿರುಸಾದ ಮೇಲೆ ಒಣ ಮಣ್ಣಿನಲ್ಲಿ ನೆಟ್ಟು, ಇನ್ನೂ ಒಂದು ವಾರ ಬಿಟ್ಟು ಮೊದಲ ನೀರು. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ.

ಮಣ್ಣು ಹೇಗಿರಬೇಕು? ಇಟ್ಟಿಗೆಯ ಚೂರು, ದಪ್ಪ ಮರಳು, ಇದ್ದಲಿನ ಪುಡಿ, ಮೂರೂ ಸೇರಿ ಎರಡು ಪಾಲು. ಮಣ್ಣು, ಎಲೆಗೊಬ್ಬರ ಸೇರಿ ಒಂದು ಪಾಲು. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗದೆ ಉದುರಬೇಕು. ಕಡಲ ತೀರದ ಮರಳು ಬೇಡ; ಅದರ ಉಪ್ಪು ಬೇರನ್ನು ಸುಡುತ್ತದೆ. ನರ್ಸರಿಯಿಂದ ತಂದ ಗಿಡದ ಬೇರಿಗೆ ಮೆತ್ತಿದ ಕೆಂಪು ಜೇಡಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಬಿಡಿಸಿ ತೆಗೆದು ಮತ್ತೆ ನೆಡಬೇಕು. ತಳದಲ್ಲಿ ತೂತಿಲ್ಲದ ಚೆಂದದ ಪಿಂಗಾಣಿ ಕುಂಡಗಳನ್ನು ಪೆನ್ಸಿಲ್ ಇಡಲು ಬಳಸಿ. ಹೊಸ ಗಿಡವನ್ನು ಒಂದು ತಿಂಗಳಾದರೂ ಬೇರೆ ಇಟ್ಟು ನೋಡಿ, ಆಮೇಲೆ ಉಳಿದವುಗಳ ಪಂಕ್ತಿಗೆ ಸೇರಿಸಿ.

ಇನ್ನು ಬಿಡಿ ಉತ್ತರಗಳು. 

ಸಿಕಂದರಾಬಾದಿನವರಿಗೆ: ಜೇಡ್ ಗಿಡದ ಒಂದೇ ಮಗ್ಗುಲಿನ ಎಲೆಗಳಲ್ಲಿ ಕಂಡ ಒಣ ಕಲೆ ರೋಗವಲ್ಲ, ಬಿಸಿಲು ತಾಗಿದ್ದು; ಹರಡುವುದಿಲ್ಲ, ಅಳಿಸಲೂ ಆಗದು. ಒಳಗಿದ್ದ ಗಿಡವನ್ನು ಬಿಸಿಲಿಗೆ ಒಯ್ಯುವಾಗ ದಿನಕ್ಕೆ ಅರ್ಧ ಗಂಟೆಯಂತೆ ಅಭ್ಯಾಸಮಾಡಿಸಿ. 

ದೆಹಲಿಯ ಲೋದಿ ಕಾಲೊನಿಯವರಿಗೆ: ಹಳೆಯ ಕಳ್ಳಿಯ ಬುಡ ಕಂದಾಗಿ ಮರದಂತೆ ಗಟ್ಟಿಯಾಗಿದ್ದರೆ ಅದು ವಯಸ್ಸು. ಮೆತ್ತಗಿದ್ದರೆ ಮಾತ್ರ ಚಾಕು ತೆಗೆಯಿರಿ. 

ಪುಣೆಯ ಕೊತ್ರೂಡಿನವರಿಗೆ: ಕುಂಡದ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣಗಳು ಒದ್ದೆ ಮಣ್ಣಿನಲ್ಲಿ ಹುಟ್ಟುವಂಥವು. ಎರಡು ವಾರ ನೀರು ನಿಲ್ಲಿಸಿದರೆ ತಾವೇ ಹೋಗುತ್ತವೆ. 

ಚೆನ್ನೈಯ ಹಿರಿಯರಿಗೆ: ತಾವು ಕಳುಹಿಸಿದ ಚಿತ್ರದಲ್ಲಿ ಸ್ನೇಕ್ ಪ್ಲಾಂಟಿನ ನಾಲ್ಕು ಎಲೆಗಳ ಬುಡ ಕೊಳೆತಿದೆ, ಐದನೆಯದು ಚೆನ್ನಾಗಿದೆ. ಆ ಐದನೆಯದನ್ನು ನಾಲ್ಕಿಂಚಿನ ತುಂಡುಗಳಾಗಿ ಕತ್ತರಿಸಿ, ಕೆಳಗಿನ ತುದಿ ಯಾವುದೆಂದು ಪೆನ್ನಿನಿಂದ ಗುರುತು ಹಾಕಿಕೊಂಡು ಒಣಗಿಸಿ ನೆಡಿ. ತಲೆಕೆಳಗಾಗಿ ನೆಟ್ಟರೆ ಬೇರು ಬಾರದು. ಅಂಚಿನಲ್ಲಿ ಹಳದಿ ಪಟ್ಟಿಯಿದ್ದ ಜಾತಿಯಾದರೆ ತುಂಡಿನಿಂದ ಬಂದ ಮರಿಗಳಲ್ಲಿ ಆ ಪಟ್ಟಿ ಇರುವುದಿಲ್ಲ, ಬರಿಯ ಹಸಿರು. ನರ್ಸರಿಯವನು ಮೋಸಮಾಡಿದನೆಂದು ಮತ್ತೆ ಸಿಟ್ಟಾಗಬೇಡಿ.